ಸೆರಗಿನ ಆಚೆಯ ರಸ್ತೆ

ಇವತ್ತು ಮುಂಜಾನೆ ಚಳಿಗೆ ಹೆದರಿ ಕಿವಿಗೆ ಸ್ಕಾರ್ಫ್ ಸುತ್ತಿಕೊಂಡು ಹೊರಟೆ. ದೇವಸ್ಥಾನದ ಎದುರು ರಸ್ತೆ ದಾಟಲು ನಿಂತಾಗ ಅದರ ಅಂಚು ಬಲಗಣ್ಣಿನ ಮೂಲೆಯನ್ನು ಮುಚ್ಚಿತು. ಅಷ್ಟೇ ಸಾಕಾಯಿತು, ಮಾವನವರು ನೆನಪಾದರು.

ನಾನು ಕಮಲಾಪುರದವಳು. ಅಲ್ಲಿ ನಮ್ಮ ಓಣಿಯ ಮಂದಿ ಬಸ್ಸನ್ನು ಕಣ್ಣಿಗಿಂತ ಮೊದಲು ಕಿವಿಯಿಂದಲೇ ಗುರುತು ಹಿಡಿಯುತ್ತಿದ್ದರು. ರಸ್ತೆ ದಾಟುವುದೂ ಒಂದು ವಿದ್ಯೆ ಎಂದು ಯಾರಿಗೂ ಅನಿಸಿರಲಿಲ್ಲ. ಎಂಬತ್ತರ ದಶಕದಲ್ಲಿ ಮದುವೆಯಾಗಿ ಕಲಬುರಗಿಯ ಖೂಬಾ ಪ್ಲಾಟ್‌ಗೆ ಬಂದೆ. ಮಾವನವರ ಮುಂದೆ ತಲೆಯ ಮೇಲಿನ ಸೆರಗು ಹುಬ್ಬಿನ ತನಕ ಇಳಿದಿರಬೇಕು. ಅವರೂ ನನ್ನೊಡನೆ ನೇರವಾಗಿ ಮಾತಾಡುವವರಲ್ಲ. "ಚಹಾ ಛಲೋ ಆಗ್ಯಾದ ಅಂತ ಹೇಳು ಆಕಿಗಿ," ಎಂದು ಅತ್ತೆಗೆ ಹೇಳುತ್ತಿದ್ದರು. ನಾನು ಎರಡು ಮಾರು ದೂರದಲ್ಲೇ ನಿಂತು ಕೇಳಿಸಿಕೊಂಡಿರುತ್ತಿದ್ದೆ. ಅತ್ತೆ ಬಂದು ಹೇಳಿದಾಗ ಇನ್ನೊಮ್ಮೆ ಖುಷಿಪಡುತ್ತಿದ್ದೆ.

ಸೆರಗಿನೊಳಗಿಂದ ಕಾಣುವುದು ನಾಲ್ಕು ಹೆಜ್ಜೆ ಮುಂದಿನ ನೆಲ ಮಾತ್ರ. ಪಕ್ಕದಿಂದ ಬರುವ ಗಾಡಿ ಕಾಣಬೇಕಾದರೆ ಇಡೀ ಮೈ ತಿರುಗಿಸಬೇಕು. ಹೊಸ ಸೊಸೆ ಬೀದಿಯಲ್ಲಿ ಹಾಗೆ ತಿರುಗಿ ನೋಡುವುದುಂಟೇ? ಮುಂದಿನವರ ಹಿಮ್ಮಡಿ ನೋಡಿಕೊಂಡೇ ದಾಟುತ್ತಿದ್ದೆ.

ಒಂದು ಸೋಮವಾರ ಅತ್ತೆಗೆ ಜ್ವರ. ಮಾವನವರ ಹಿಂದೆ ನಾನೊಬ್ಬಳೇ ಇದೇ ದೇವಸ್ಥಾನಕ್ಕೆ ಹೊರಟೆ. ಅವರ ಹಿಮ್ಮಡಿ ರಸ್ತೆಗೆ ಇಳಿಯಿತು, ನಾನೂ ಇಳಿದೆ. ಬಲಗಡೆಯಿಂದ ಬಂದ ಆಟೋ ನನ್ನ ನೆರಿಗೆ ಸವರಿಕೊಂಡು ನಿಂತಿತು.

"ಕಣ್ಣ ಕಾಣಂಗಿಲ್ಲೇನ್ರೀ ಅಕ್ಕಾ?" ಎಂದು ಆಟೋದವನು ಬೈದು ಹೋದ.

ಮಾವನವರು ಕೈಸನ್ನೆ ಮಾಡಿ ನನ್ನನ್ನು ಅಂಚಿಗೆ ಕರೆತಂದರು. ಮೊದಲ ಸಲ ನನ್ನೊಡನೆಯೇ ಮಾತಾಡಿದರು: "ಸೆರಗ ಹಿಂದ ಸರಿಸವಾ. ಗಾಡಿಗಿ ಮಾವ ಗೊತ್ತಿಲ್ಲ, ಸೊಸಿ ಗೊತ್ತಿಲ್ಲ."

ಸರಿಸಿದೆ. ಕೂಡಲೇ ಅವರು ಮುಖವನ್ನು ಎಡಕ್ಕೆ ತಿರುಗಿಸಿಬಿಟ್ಟರು, ಸೊಸೆಯ ತೆರೆದ ಮುಖ ನೋಡಬಾರದಲ್ಲ. ಗಾಡಿಗಳು ಬರುತ್ತಿದ್ದುದು ಬಲಗಡೆಯಿಂದ, ನಾನು ನಿಂತ ಕಡೆಯಿಂದ. ಈ ಮರ್ಯಾದೆ ಎಂಥ ಪೇಚಿಗೆ ತಂದಿತು ನೋಡಿ. ಹಾಗೆ ಮುಖ ತಿರುಗಿಸಿಕೊಂಡೇ ಅವರು ಹೆಜ್ಜೆ ಇಟ್ಟರು, ಬಲಗಡೆಯಿಂದ ಲಾರಿ ಬರುತ್ತಿತ್ತು. ಹಿಂದೆಮುಂದೆ ನೋಡದೆ ಅವರ ಮುಂಗೈ ಹಿಡಿದೆಳೆದೆ.

"ತಡೀರಿ. ನಾ ನೋಡ್ತೀನಿ."

"ನೋಡವಾ," ಎಂದರು, ಎಡಕ್ಕೇ ನೋಡುತ್ತ. ಕೈ ಬಿಡಿಸಿಕೊಳ್ಳಲಿಲ್ಲ.

ಲಾರಿ ಹೋಯಿತು, ಎರಡು ಸೈಕಲ್ ಹೋದವು, ದಾಟಿದೆವು. ಮನೆಯಲ್ಲಿ ಅತ್ತೆ ಸೆರಗಿಲ್ಲದ ನನ್ನ ತಲೆ ನೋಡಿ ಹುಬ್ಬೇರಿಸಿದಾಗ ಮಾವನವರು, "ಇನ್ನ ಮ್ಯಾಲ ಹಿಂಗೇ ಇರ್ಲಿ. ಇವತ್ತ ನನ್ನ ದಾಟಿಸಿದಾಕಿ ಆಕಿನೇ," ಎಂದರು. ಅಡುಗೆಮನೆಗೆ ಹೋಗಿ ಅತ್ತೆ ಕಾಣದಂತೆ ಕಣ್ಣೊರೆಸಿಕೊಂಡೆ.

ಅವರು ಹೋಗಿ ಎಷ್ಟೋ ವರ್ಷಗಳಾದವು. ಇವತ್ತು ಸ್ಕಾರ್ಫ್ ಬಿಚ್ಚಿ ಚೀಲಕ್ಕೆ ಹಾಕಿ, ಬಲಕ್ಕೆ ನೋಡುತ್ತ ನಿಂತೆ. ನನಗೇ ಗೊತ್ತಿಲ್ಲದಂತೆ ಎಡಗೈ ಪಕ್ಕಕ್ಕೆ ಚಾಚಿತ್ತು. ಯಾರೋ ಅದನ್ನು ಹಿಡಿದರು. ಹೊರಳಿದರೆ, ಗುರುತಿಲ್ಲದ ಮುದುಕರೊಬ್ಬರು.

"ನೀ ನೋಡವಾ," ಎಂದರು, "ನಾ ಬರ್ತೀನಿ."