ಸಾರಿ ಹೇಳುವ ಕೆಲಸ

ಅವಳ ಕೆಲಸ 'ಸಾರಿ' ಹೇಳುವುದು. ಕಂಪನಿ ಅದಕ್ಕೆ ಗ್ರಾಹಕ ಸೇವೆ ಎಂದು ಎಷ್ಟೇ ಚಂದದ ಹೆಸರಿಟ್ಟರೂ ನಡೆಯುತ್ತಿದ್ದದ್ದು ಇಷ್ಟೇ: ಫ್ರಿಜ್ಜು ಕೆಟ್ಟವರು, ವಾಷಿಂಗ್ ಮಷೀನು ನಿಂತವರು ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯುವರು, ಅವಳು ಸಾರಿ ಅನ್ನುವಳು. ಅದಕ್ಕೂ ಒಂದು ಕ್ರಮವಿತ್ತು. ಬೈಯುವವರು ಉಸಿರೆಳೆದುಕೊಳ್ಳುವ ಸಂದಿನಲ್ಲೇ ಅನ್ನಬೇಕು. ದನಿ ಕೊಂಚ ಏರಿ, ಆಮೇಲೆ ಮೆತ್ತಗೆ ಇಳಿಯಬೇಕು. ಹೊಸಬರನ್ನು ಸಾಲಾಗಿ ಕೂರಿಸಿಕೊಂಡು, ಎಲ್ಲರ ದನಿಯೂ ಒಂದೇ ಆಗುವ ತನಕ ಮೇಲ್ವಿಚಾರಕಿ ಬಿಡುತ್ತಿರಲಿಲ್ಲ.

ಅವಳ ಅಪ್ಪ ಇಂಗ್ಲಿಷ್ ಮೇಷ್ಟ್ರು. ಪದವೊಂದು ಕೈಗೆ ಸಿಕ್ಕರೆ ಅದರ ಜಾತಕ ಜಾಲಾಡದೆ ಬಿಡುವ ಪೈಕಿಯಲ್ಲ.

"ಈ 'ಸಾರಿ' ಅನ್ನೋದು ಗಾಯದ ಮನೆತನದ ಪದ ಕಣಮ್ಮ," ಎಂದಿದ್ದರು. "ಹಿಂದೆ ಅದಕ್ಕೆ ನೊಂದವನು ಅಂತಲೇ ಅರ್ಥ. ದುಃಖ ಅನ್ನೋದಕ್ಕೆ 'ಸಾರೋ' ಅಂತಾರಲ್ಲ, ಇವೆರಡೂ ನೆಂಟರು ಅಂದ್ಕೋತಾರೆ ಜನ. ಮುಖ ಒಂದೇ ಥರ ಅಷ್ಟೆ, ಬೇರು ಬೇರೆ. ಈಗ ನೋಡು, ಕಾಲು ತುಳಿದ್ರೂ ಸಾರಿ, ಕಿವಿಗೆ ಬೀಳದಿದ್ರೂ ಸಾರಿ. ಸವೆದೇ ಹೋಯ್ತು."

"ಸವೆದದ್ದಕ್ಕೇ ಸಂಬಳ ಕೊಡ್ತಾರಪ್ಪ," ಎಂದು ಅವಳು ನಕ್ಕಿದ್ದಳು. ಮರುವರ್ಷ ಅಪ್ಪ ತೀರಿಕೊಂಡರು.

ಅಮ್ಮ ಅಕ್ಕನ ಮನೆ ಸೇರಿದಳು. ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿ, "ಅಮ್ಮಂಗೆ ಉಸಿರಾಡೋಕೇ ಆಗ್ತಿಲ್ಲ, ಇವತ್ತು ಕೆಲಸಕ್ಕೆ ಹೋಗ್ಬೇಡ ಕಣೇ," ಎಂದಳು. ಸಂಜೆ ಬರ್ತೀನಿ ಎಂದು ಇವಳು ಕೆಲಸಕ್ಕೇ ಹೋದಳು. ಅಲ್ಲಿ ಕೆಲಸಕ್ಕೆ ಬಂದವರ ಫೋನನ್ನು ಬಾಗಿಲಲ್ಲೇ ಪೆಟ್ಟಿಗೆಯೊಳಗೆ ಹಾಕಿ ಬೀಗ ಜಡಿಯುತ್ತಾರೆ. ಸಂಜೆ ಅದು ಕೈಗೆ ಬರುವಷ್ಟರಲ್ಲಿ ಅಮ್ಮ ಇರಲಿಲ್ಲ.

ಆವತ್ತಿನಿಂದ ಅಕ್ಕ ಮಾತು ಬಿಟ್ಟಳು. ಇವಳು ಮನೆ ಬಾಗಿಲಿಗೆ ಹೋಗಿ ನಿಂತದ್ದೂ ಉಂಟು, ಬಾಗಿಲು ತೆರೆಯಲಿಲ್ಲ. ಹುಟ್ಟಿದಾಗಿನಿಂದ ಇವಳನ್ನು ಕಂಡವರೆಂದು ಭೂಮಿಯ ಮೇಲೆ ಉಳಿದಿದ್ದದ್ದು ಅಕ್ಕ ಒಬ್ಬಳೇ. ಆ ಒಂದು ಜೀವವೂ ಬೇಡವೆಂದರೆ ಮನುಷ್ಯರು ಯಾರ ಮುಖ ನೋಡಿ ಬದುಕಬೇಕು?

ಕೊನೆಗೆ ಒಂದು ಮಧ್ಯಾಹ್ನ ಅಕ್ಕನೇ ಬಂದಳು. ಕುರ್ಚಿಯ ಅಂಚಿಗೆ ಕೂತಳು. ಕೊಟ್ಟ ನೀರನ್ನು ಕುಡಿದಳು.

"ಎಷ್ಟು ದಿನ ಅಂತ ಹೀಗಿರೋದು," ಎಂದಳು. "ಕೋಪ ಹೊತ್ಕೊಂಡು ಹೊತ್ಕೊಂಡು ನಂಗೂ ಸಾಕಾಯ್ತು. ನಿನ್ನ ಬಾಯಿಂದ ಒಂದು ಮಾತು ಬರ್ಲಿ, ಅಷ್ಟು ಸಾಕು," ಎಂದು ಉಸಿರೆಳೆದುಕೊಂಡಳು.

"ಸಾರಿ ಅಕ್ಕ."

ದನಿ ಏರಿತು, ಮೆತ್ತಗೆ ಇಳಿಯಿತು. ಒಳಗೆ ಕರುಳು ಕಿತ್ತು ಬರುತ್ತಿತ್ತು. ಹೊರಗೆ ಬಂದದ್ದು ಮಾತ್ರ ಕೆಲಸದ ಮಾತು.

ಅಕ್ಕ ಅವಳನ್ನೇ ನೋಡಿದಳು.

"ನೀನು ಫೋನ್ ಎತ್ತಲಿಲ್ಲ ಅಂತ ಆವತ್ತು ನಿಮ್ಮ ಕಂಪನಿ ನಂಬರಿಗೇ ಮಾಡಿದ್ದೆ. ಅಮ್ಮ ಹೋಗ್ತಾ ಇದಾಳೆ, ನನ್ನ ತಂಗೀನ ಕರೀರಿ ಅಂತ ಅತ್ತೆ. ಒಬ್ಳು, ಸಾರಿ ಮೇಡಂ, ಇಲ್ಲಿ ಮಷೀನಿನ ದೂರು ಮಾತ್ರ ತಗೋತೀವಿ ಅಂದ್ಲು. ಇದೇ ದನಿ. ಹೆಸರು ಹೇಳೋಕ್ಕೂ ಬಿಡ್ಲಿಲ್ಲ. ಅದು ನೀನೇನಾ?"

"ಅಲ್ಲ ಅಕ್ಕ. ಅಲ್ಲಿ ಎಲ್ಲರೂ ಹೀಗೇ ಮಾತಾಡೋದು."

ನಿಜವನ್ನೇ ಹೇಳಿದ್ದಳು. ಆದರೆ ಅದೂ ಹಾಗೇ ಏರಿ, ಹಾಗೇ ಇಳಿಯಿತು. ಅಕ್ಕ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಅವಳು ನಂಬಲಿಲ್ಲ. ನಂಬಿಸುವಂಥ ಬೇರೆ ದನಿ ಇವಳ ಹತ್ತಿರ ಇರಲಿಲ್ಲ.