ಸೈಕಲ್ ಮೇಲೆ ಕೂತವರು

ಪುಟ್ಟಿ, ಚಿನ್ನು, ನಿಮ್ಮ ಹಳೆಯ ಟ್ಯಾಬಿನಲ್ಲಿ ಬೆರಳಿನಿಂದ ಚಿತ್ರ ಬರೆಯುವುದನ್ನು ನನಗೆ ಕಲಿಸಿದವರು ನೀವೇ. ಆಮೇಲೆ ನಾನು ಮಾಡಿಕೊಂಡ ಎಡವಟ್ಟು ನಿಮಗೆ ಗೊತ್ತಿಲ್ಲ. ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ವಿಜಯನಗರದ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಧಾರವಾಡದ ಕಡೆಯ ಆಂಟಿಗೂ ಈ ಹುಚ್ಚಿತ್ತು. ನಾನು ಬರೆದದ್ದನ್ನು ಫೋನಿನಲ್ಲಿ ಮೇಲಕ್ಕೆ ಕಳಿಸುತ್ತಿದ್ದೆ. ಅವರು ಅದರ ಮೇಲೆಯೇ ಏನಾದರೂ ಬರೆದು ಹಿಂದಕ್ಕೆ ಕಳಿಸುತ್ತಿದ್ದರು. ನಾನು ಬರೆದ ಒಲೆಯಿಂದ ಮುದ್ದೆಯ ಪಾತ್ರೆ ಇಳಿದು ರೊಟ್ಟಿಯ ಹಂಚು ಏರಿರುತ್ತಿತ್ತು.

“ನಮ್ಮ ಒಲೆಗೆ ನಿಮ್ಮ ಹಂಚು ಯಾಕ್ರೀ?” ಎಂದು ಮೆಟ್ಟಿಲ ಬಳಿ ಕೇಳಿದರೆ, “ನಿಮ್ಮ ಮುದ್ದಿ ನೋಡಿ ನೋಡಿ ಒಲಿಗೂ ಬ್ಯಾಸರ ಬಂದೈತ್ರಿ ಅಕ್ಕಾರ” ಎನ್ನುತ್ತಿದ್ದರು. ನಾನು ಹಂಚಿನ ಪಕ್ಕ ಒಂದು ಬೆಕ್ಕು ಕೂರಿಸಿ ಮತ್ತೆ ಕಳಿಸುತ್ತಿದ್ದೆ.

ನಿಮ್ಮ ತಾತ ತೀರಿಕೊಂಡ ವರ್ಷ, ಒಂದು ಮಧ್ಯಾಹ್ನ ಅವರ ಸೈಕಲ್ ಬರೆದು ಕಳಿಸಿದೆ. ಗೋಡೆಗೆ ಒರಗಿದ ಬರಿಯ ಸೈಕಲ್, ಹ್ಯಾಂಡಲಿಗೆ ಹಾಲಿನ ಚೀಲ. ಸಂಜೆ ಹಿಂದಕ್ಕೆ ಬಂದಾಗ ಗೋಡೆ ಇರಲಿಲ್ಲ, ರಸ್ತೆಯಿತ್ತು. ಸೈಕಲ್ ಮೇಲೆ ನಿಮ್ಮ ತಾತ. ಬೆನ್ನು ಮಾತ್ರ, ಎಡಭುಜ ತುಸು ಇಳಿದಿತ್ತು. ಆಂಟಿ ಬಾಲ್ಕನಿಯಿಂದ ದಿನಾ ಬೆಳಗ್ಗೆ ನೋಡುತ್ತಿದ್ದ ಬೆನ್ನು.

ನಮ್ಮೂರ ಶಾಲೆಯಲ್ಲಿ ಇನ್ನೊಬ್ಬರ ಸ್ಲೇಟು ಮುಟ್ಟಿದರೆ ಬೆರಳ ಗೆಣ್ಣಿಗೆ ಏಟು ಬೀಳುತ್ತಿತ್ತು. ಅವತ್ತು ಆ ಮೇಷ್ಟರ ದನಿಯೇ ನನ್ನ ಬಾಯಲ್ಲಿ ಬಂತು. ಫೋನ್ ಮಾಡಿ, “ಅವರನ್ನ ಕೂರಿಸಿ ಅಂತ ನಿಮಗೆ ಯಾರ್ರೀ ಹೇಳಿದ್ದು? ಈಗ್ಲೇ ಅಳಿಸಿ. ನನ್ನ ಫೋನಲ್ಲೂ ಇರಬಾರದು” ಎಂದೆ.

“ತಪ್ಪಾತ್ರಿ” ಎಂದರು. ನೋಡುತ್ತಿದ್ದಂತೆ ಚಿತ್ರ ಮಾಯವಾಯಿತು. ಅಳಿಸಲಾಗಿದೆ ಎಂಬ ಸಾಲೊಂದೇ ಉಳಿಯಿತು. ಆಮೇಲೆ ಮೇಲಿನಿಂದ ಏನೂ ಬರಲಿಲ್ಲ, ನಾನೂ ಕಳಿಸಲಿಲ್ಲ. ಅವರು ಕೆಂಗೇರಿಗೆ ಮನೆ ಬದಲಿಸಿದರು.

ಆ ಬೆನ್ನನ್ನು ನಾನು ಎಷ್ಟು ಸಲ ಬರೆದರೂ ಬೇರೆ ಯಾರೋ ಆಗುತ್ತಾರೆ. ತಾತ ಹಾಲು ತರಲು ಹೊರಡುವಾಗ ನಾನು ಅಡುಗೆಮನೆಯಲ್ಲಿರುತ್ತಿದ್ದೆ. ಬರುವುದನ್ನು ಕಂಡವಳೇ ಹೊರತು ಹೋಗುವುದನ್ನು ನೋಡಿದವಳಲ್ಲ.

ಹೋದ ತಿಂಗಳು ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಆಂಟಿ ಕೊಟ್ಟ ಚಹಾ ಕುಡಿದು, ಆ ಚಿತ್ರ ಇನ್ನೂ ಇದೆಯಾ, ಇಲ್ಲದಿದ್ದರೆ ಮತ್ತೆ ಬರೆದುಕೊಡುತ್ತೀರಾ ಎಂದು ಕೇಳಿದೆ.

“ಅಳಸ್ರಿ ಅಂದ್ರಿ, ಅವತ್ತ ಅಳಿಸಿಬಿಟ್ಟೇನ್ರಿ. ಈಗ ಬರೀಲಿಕ್ಕೆ ಕೈ ಅಂಜತೈತ್ರಿ ಅಕ್ಕಾರ” ಎಂದರು.

ಬರಿಯ ಸೈಕಲ್ಲಿನ ಚಿತ್ರವನ್ನು ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ನೀವಿಬ್ಬರೂ ತಾತನ ಹಿಂದೆ ಕ್ಯಾರಿಯರ್ ಮೇಲೆ ಕೂತು ಹೋದವರು, ಆ ಬೆನ್ನು ನಿಮಗೆ ಗೊತ್ತು. ಎಂದಾದರೂ ಮನಸ್ಸಾದರೆ ಅವರನ್ನು ಕೂರಿಸಿ, ನನ್ನನ್ನು ಕೇಳಬೇಡಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.