ಏನು ತಿಂದ್ರಿ, ಕಾಕಾ?

ಅಮೆರಿಕಕ್ಕೆ ಬಂದ ಮೇಲೆ ವಾರದ ಐದು ದಿನ ಚಾಟ್ಸ್‌ವರ್ತ್‌ನ ಒಂದು ಫ್ಯಾಕ್ಟರಿಯಲ್ಲಿ ಪಾರ್ಟ್ಸ್ ಚೆಕ್ ಮಾಡುವ ಕೆಲಸ. ಶನಿವಾರ ಮಾತ್ರ ನಾನು ಮಹಾರಾಣಿ. ಬರ್ಬ್ಯಾಂಕ್‌ನ ಬಾಡಿಗೆ ಸ್ಟುಡಿಯೋದಲ್ಲಿ ಒಂದು ಗಂಟೆಯ ಕನ್ನಡ ರೇಡಿಯೋ ಕಾರ್ಯಕ್ರಮ ನಡೆಸುತ್ತಿದ್ದೆ. ಮೈಕ್ ಮುಂದೆ ಕೂತವರನ್ನೆಲ್ಲ ಗದರಿಸುತ್ತಿದ್ದೆ. ಟೇಬಲ್ ಕುಟ್ಟಬೇಡಿ, ಕಾಗದ ಸರಸರ ಮಾಡಬೇಡಿ, ಬಳೆ ತೆಗೆದಿಡಿ! ಎಷ್ಟೋ ಜನ ನನ್ನ ಬಾಯಿಗೆ ಹೆದರಿಯೇ ಮತ್ತೆ ಆ ಕಡೆ ಬರಲಿಲ್ಲ.

2003ರಲ್ಲಿ ಸ್ಯಾನ್ ಡಿಯಾಗೋದಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. "ಅಕ್ಕಾ, ನಮ್ಮ ಅಪ್ಪಾಜಿ ಕುಸ್ತಿ ಪೈಲ್ವಾನ್ರು. ಇಲ್ಲಿ ಬಂದು ಮನ್ಯಾಗ ಕೂತು ಕೂತು ಬ್ಯಾಸತ್ತಾರ. ಒಂದಿನಾ ಮಾತಾಡಸ್ತೀರೇನ್ರಿ?" ಹೆಸರು ಕೇಳಿದವಳೇ ಕುರ್ಚಿಯಿಂದ ಎದ್ದು ನಿಂತೆ. ನಾನು ಚಿಕ್ಕವಳಿದ್ದಾಗ ನಮ್ಮಪ್ಪ ಪೇಪರಿನಿಂದ ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದ್ದ ಫೋಟೋ ಆ ಮನುಷ್ಯನದೇ. ಅವರು ಸೋತ ಕುಸ್ತಿಯೇ ಇಲ್ಲ ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು.

ಒಂದು ದಿನ ಅಂದದ್ದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ತಿಂಗಳಿಗೆ ಎರಡು ಮೂರು ಶನಿವಾರ ಮಗಳು ಅವರನ್ನು ಬೆಳಗಿನ ಟ್ರೇನಿಗೆ ಹತ್ತಿಸುತ್ತಿದ್ದಳು. ನಾನು ಬರ್ಬ್ಯಾಂಕ್ ಸ್ಟೇಷನ್ನಿನಲ್ಲಿ ಇಳಿಸಿಕೊಳ್ಳುತ್ತಿದ್ದೆ. ಹೆಗಲಲ್ಲಿ ಬಟ್ಟೆ ಚೀಲ, ಚೀಲದಲ್ಲಿ ದೊಡ್ಡ ಡಬ್ಬಿ. ಮೊದಲ ದಿನ ಅಂಕಲ್ ಅಂದೆ. "ಅಂಕಲ್ ಅಂದ್ರ ಯಾರಿಗೋ ಅಂದಂಗ ಆಕ್ಕೈತಿ. ಕಾಕಾ ಅನ್ನು," ಅಂದರು. ಆವತ್ತಿನಿಂದ ಅವರು ಕಾಕಾ, ನಾನು ತಂಗಿ.

ರೆಕಾರ್ಡ್ ಮಾಡುವ ಮೊದಲು ದನಿಯ ಲೆವೆಲ್ ನೋಡಬೇಕು. ಅದಕ್ಕೆ ಎದುರಿನವರು ಏನಾದರೂ ಮಾತಾಡುತ್ತಿರಬೇಕು. "ಬೆಳಿಗ್ಗೆ ಏನು ತಿಂದ್ರಿ?" ಅಂತ ಕೇಳುವುದು ನಮ್ಮ ಕಸುಬಿನ ವಾಡಿಕೆ. ಉತ್ತರ ಯಾರಿಗೂ ಬೇಕಿಲ್ಲ. ಅವರು ಹೇಳುತ್ತಿದ್ದರೆ ನಮ್ಮ ಕಣ್ಣು ಮೀಟರಿನ ಮೇಲೆ, ಬೆರಳು ಗುಂಡಿಯ ಮೇಲೆ. ಬೇರೆಯವರು ಕಾಫಿ, ಸೀರಿಯಲ್ ಅಂದು ಮುಗಿಸುತ್ತಿದ್ದರು. ಕಾಕಾ ಹಾಗಲ್ಲ. "ಎರಡ ಬಿಸಿ ರೊಟ್ಟಿ, ಎಣ್ಣಿಗಾಯಿ, ಮ್ಯಾಲೆ ಕೆನಿ ಮಸರು... ರೊಟ್ಟಿ ಇವತ್ತ ಸ್ವಲ್ಪ ದಪ್ಪ ಆಗಿದ್ವು ನೋಡು, ಮಗಳಿಗೆ ಹೇಳಬ್ಯಾಡ!" ನಾನು ಸಾಕು ಸಾಕು ಅಂತ ಕೈ ಆಡಿಸಿದರೂ ನಿಲ್ಲಿಸುತ್ತಿರಲಿಲ್ಲ.

ರೆಕಾರ್ಡಿಂಗ್ ಮುಗಿದ ಮೇಲೆ ಸ್ಟುಡಿಯೋ ಹಿಂದಿನ ಸಿಮೆಂಟ್ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಳಕೆ ಕಾಳಿನ ಪಲ್ಯ. ಜೋಳದ ಹಿಟ್ಟಿಗೆ ಅವರ ಮಗಳು ನಮ್ಮ ಕಡೆಯ ಅಂಗಡಿಗಳಿರುವ ಆರ್ಟೀಸಿಯಾವರೆಗೆ ಡ್ರೈವ್ ಮಾಡುತ್ತಿದ್ದಳಂತೆ. ಕಾಕಾ ಈರುಳ್ಳಿಯನ್ನು ಮೆಟ್ಟಿಲ ಮೇಲಿಟ್ಟು ಒಂದೇ ಗುದ್ದು. ಅಬ್ಬಾ, ಎಪ್ಪತ್ತು ದಾಟಿದ ಕೈಯದು! ಮೊದಲು ನನಗೆ ಬಡಿಸುತ್ತಿದ್ದರು. ಗರಡಿಯಲ್ಲಿ ಹಿರಿಯ ಪೈಲ್ವಾನ ಕಿರಿಯರ ಹೊಟ್ಟೆ ತುಂಬಿಸಿ ಆಮೇಲೆ ತಾನು ಉಣ್ಣಬೇಕಂತೆ. "ನೀ ಮದಲ ಉಣ್ಣವಾ," ಅಂತ ನನ್ನ ಕೈಯನ್ನೇ ನೋಡುತ್ತ ಕೂರುತ್ತಿದ್ದರು. ನಮ್ಮಪ್ಪ ಬದುಕಿದ್ದಿದ್ದರೆ ನಂಬುತ್ತಿದ್ದರೇ ಇದನ್ನ? ಅಷ್ಟು ಸುಖವಾಗಿ ನಾನು ಅಮೆರಿಕದಲ್ಲಿ ಮತ್ತೆಲ್ಲೂ ಉಂಡಿಲ್ಲ.

ಮರುವರ್ಷ ಬೇಸಿಗೆಯ ಹೊತ್ತಿಗೆ ನಾನು ಉಂಡು ಮುಗಿಸಿದರೂ ಅವರು ಡಬ್ಬಿಗೆ ಕೈ ಹಾಕುತ್ತಿರಲಿಲ್ಲ. "ಮನ್ಯಾಗ ತಿಂದು ಬಂದೇನಿ, ಅದನ್ನೂ ನೀನ ಮುಗಸು," ಅನ್ನುತ್ತಿದ್ದರು. ನನಗೇನು, ಕೈ ತುತ್ತು ಸಿಕ್ಕಿದ ಮಗುವಿನ ಹಾಗೆ ಇಬ್ಬರ ಪಾಲನ್ನೂ ಬಳಿದು ತಿನ್ನುತ್ತಿದ್ದೆ. ಬಿಸಿಲಲ್ಲೂ ಸ್ವೆಟರ್ ಹಾಕಿಕೊಂಡು ಬರುತ್ತೀರಲ್ಲ ಅಂತ ಒಮ್ಮೆ ರೇಗಿಸಿದ್ದೂ ಇದೆ. ನಕ್ಕರು.

ಆಮೇಲೆ ಅವರು ಬರುವುದು ನಿಂತಿತು. ಬೆನ್ನು ನೋವು ಅಂದರು. ಕೆಲವು ತಿಂಗಳಿಗೆ ಮಗಳ ಫೋನ್ ಬಂತು. ಕಾಕಾ ಹೋಗಿಬಿಟ್ಟಿದ್ದರು. ಅನ್ನನಾಳದಲ್ಲಿ ಕ್ಯಾನ್ಸರ್. ನಾಲ್ಕು ತಿಂಗಳು ಮೊದಲೇ ಗೊತ್ತಾಗಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರ್ ಹೇಳಿದರಂತೆ. "ಹದಿಮೂರನೇ ದಿನದ ಊಟಕ್ಕ ಅಪ್ಪಾಜಿ ದನಿ ಕೇಳಸ್ಬೇಕಂತ ಮಾಡೇನಿ ಅಕ್ಕಾ. ಇದ್ದದ್ದು ತರ್ರಿ," ಅಂದಳು.

ಕೊನೆಯ ರೆಕಾರ್ಡಿಂಗಿನ ಡಿಸ್ಕ್ ಹಾಕಿ ಕೂತೆ. ಕಾರ್ಯಕ್ರಮಕ್ಕೆ ಕತ್ತರಿಸುವಾಗ ಶುರುವಿನ ಭಾಗವನ್ನು ನಾನು ಎಂದೂ ಕೇಳುತ್ತಿರಲಿಲ್ಲ, ನೇರ ಮುಂದಕ್ಕೆ ಓಡಿಸಿಬಿಡುತ್ತಿದ್ದೆ. ಆವತ್ತು ಅವರ ದನಿ ಕೇಳುವ ಆಸೆಗೆ ಮೊದಲಿನಿಂದ ಬಿಟ್ಟೆ.

"ಬೆಳಿಗ್ಗೆ ಏನು ತಿಂದ್ರಿ ಕಾಕಾ?" ನನ್ನದೇ ದನಿ.

"ಏನೂ ತಿಂದಿಲ್ಲ ತಂಗಿ. ಎರಡ ತಿಂಗಳಾತು, ತುತ್ತು ಗಂಟಲದಾಗ ಸರಿ ಇಳಿಯವಲ್ದು. ಪೈಲ್ವಾನಗ ಉಣ್ಣಾಕ ಆಗವಲ್ದು ಅಂದ್ರ ಮಂದಿ ನಗ್ತಾರ. ಮಗಳಿಗೂ ಹೇಳಿಲ್ಲ. ನಿನಗ ಹೇಳಾಕತ್ತೇನಿ."

"ಸೂಪರ್ ಕಾಕಾ, ಲೆವೆಲ್ ಸರಿ ಇದೆ. ಶುರು ಮಾಡೋಣ."

ಆಮೇಲೆ ಕಾಕಾ ಗಂಟಲು ಸರಿಮಾಡಿಕೊಂಡು ಯಾವುದೋ ಹಳೆಯ ಕುಸ್ತಿಯ ಕತೆ ಶುರು ಮಾಡಿದರು. ಅಯ್ಯೋ, ನನ್ನ ಎದುರಿಗೆ ಎರಡು ಅಡಿ ದೂರದಲ್ಲಿ ಕೂತು, ಮೈಕಿನಲ್ಲಿ, ಹೆಡ್‌ಫೋನಿನೊಳಕ್ಕೆ ಹೇಳಿದ್ದರು. ನಾನು ಕಿವಿ ಕೊಟ್ಟಿರಲಿಲ್ಲ. ಅದಾದ ಮೇಲೆ ಲೆವೆಲ್ ನೋಡುವಾಗ ಒಂದರಿಂದ ಹತ್ತು ಎಣಿಸಿ ಅನ್ನುತ್ತೇನೆ. ಆದರೂ ಯಾರಾದರೂ ಐದಕ್ಕೋ ಆರಕ್ಕೋ ನಿಂತರೆ ಮೀಟರ್ ಬಿಟ್ಟು ಅವರ ಮುಖ ನೋಡುತ್ತೇನೆ, ಏನು ಹೇಳಲು ಹೊರಟರೋ ಅಂತ.

ಆ ಭಾಗವನ್ನು ಕತ್ತರಿಸಿದೆ. ಸ್ಯಾನ್ ಡಿಯಾಗೋವರೆಗೂ ಕಾರಿನಲ್ಲಿ ಜಗಳವಾಡಿಕೊಂಡೇ ಹೋದೆ, ನನ್ನ ಜೊತೆ ನಾನೇ. ಹೇಳಬೇಕು. ಹೇಳಿದರೆ ಆ ಹುಡುಗಿ ಹೇಗೆ ತಡೆದುಕೊಳ್ಳುತ್ತಾಳೆ? ಹೇಳದಿದ್ದರೆ ನಾನು?

ಅವರ ಮನೆಯ ಹಾಲ್‌ನಲ್ಲಿ ಕಾಕಾನ ದನಿ ನಡೆಯುತ್ತಿತ್ತು. ಮಗಳು ನನ್ನನ್ನು ಸಾಲಿನಲ್ಲಿ ಮೊದಲು ಕೂರಿಸಿ ತಾನೇ ಬಡಿಸಿದಳು. ಪಕ್ಕದಲ್ಲಿ ಮಂಡಿಯೂರಿ ಮೆಲ್ಲಗೆ ಕೇಳಿದಳು. "ಅಕ್ಕಾ, ನಿಮ್ಮ ಜೋಡಿ ಬರೋಬ್ಬರಿ ಉಣ್ತಿದ್ರಲ್ಲ?"

ಬಾಯಿ ತೆರೆದೆ. ಹೇಳಬೇಕೆಂದೇ ತೆರೆದದ್ದು, ದೇವರಾಣೆಗೂ. "ಹೂಂ ಕಣಮ್ಮಾ. ಎರಡು ರೊಟ್ಟಿ ತಿಂತಿದ್ರು," ಅಂದೆ.

ಅವಳ ಕಣ್ಣು ತುಂಬಿ ಬಂತು. "ಮನ್ಯಾಗ ಸರಿಯಾಗಿ ಉಣ್ತಿದ್ದಿಲ್ಲ. ದವಾಖಾನಿಗೆ ಹೋಗೂಣು ನಡೀರಿ ಅಂದ್ರ, ಶನಿವಾರ ಅಲ್ಲಿ ಉಣ್ತೀನಲ್ಲ ಅಂತಿದ್ರು. ಡಬ್ಬಿನೂ ಪ್ರತಿ ಸಲ ಖಾಲಿನ ಬರ್ತಿತ್ತು. ಅದಕ್ಕ ನಾನೂ ಜುಲುಮಿ ಮಾಡಲಿಲ್ಲ ನೋಡ್ರಿ, ಅಕ್ಕಾ."

ಇಷ್ಟು ಹೇಳಿ, ಕಣ್ಣೊರೆಸಿಕೊಂಡು, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ತಿಂದೆ.